ಹದಿನಾಲ್ಕು ತಲೆಗಳ ದಾರ

ದವಾಖಾನೆಯಲ್ಲಿ ಸರದಿ ಕಾಯುತ್ತಿದ್ದ ಅಂಚೆಯವನು ಮಂಡಿನೋವು ಮರೆತು ಪಕ್ಕದ ಬೆಂಚಿಗೆ ಕಿವಿಗೊಟ್ಟ. ಅಲ್ಲಿದ್ದವರು ಗಾರ್ಮೆಂಟ್ಸಿನ ಇಬ್ಬರು ಹೊಲಿಗೆ ಹೆಂಗಸರು, ಬೇರೆ ಬೇರೆ ಮಿಷಿನ್ ಸಾಲಿನವರು. ಹಿರಿಯಳ ಕೈಯಲ್ಲಿ ಮೊಳದುದ್ದದ ಬಿಳಿ ದಾರ, ಅದರ ತುಂಬ ಬಣ್ಣಬಣ್ಣದ ಗಂಟು.

“ಏನಕ್ಕಾ, ಮಂತ್ರ ಹಾಕಿಸಿದ ದಾರನಾ?”

“ಮಂತ್ರ ಅಲ್ಲ ಕಣೇ, ನನ್ನ ತಲೆ. ಅರ್ಧ ತಲೆ ಸಿಡಿದ ದಿನ ಕರಿ ಗಂಟು. ಅವತ್ತು ಊಟ ತಪ್ಪಿದ್ರೆ ಪಕ್ಕದಲ್ಲಿ ಕೆಂಪು, ನಿದ್ದೆಗೆಟ್ಟಿದ್ರೆ ನೀಲಿ, ಟ್ಯೂಬ್‌ಲೈಟ್ ಮಿಣುಕ್ತಿದ್ರೆ ಹಳದಿ.”

“ಮಿಷಿನ್ ಸದ್ದಿಗೇ ಬರುತ್ತೆ ಅಂತ ಕಿವಿಗೆ ಹತ್ತಿ ತುರುಕ್ಕೊಂಡಿದ್ದೆಯಲ್ಲ?”

“ಹತ್ತಿ ದಂಡ. ಎರಡು ತಿಂಗಳಲ್ಲಿ ಹನ್ನೊಂದು ಕರಿ. ಒಂಬತ್ತರ ಪಕ್ಕ ಕೆಂಪು ಹಳದಿ ಎರಡೂ ಇವೆ, ಎಣಿಸಿ ನೋಡು.”

ಕಿರಿಯಳು ಗಂಟುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಜೀವಮಾನವೆಲ್ಲ ಕಾಗದ ಹಂಚಿದ ಅಂಚೆಯವನು ಇಂಥ ಕಾಗದ ಕಂಡಿರಲಿಲ್ಲ.

“ಸೂಪರ್‌ವೈಸರ್ ಇದನ್ನೂ ನಾಟಕ ಅಂತಾನೆ. ಇನ್ನೊಂದು ರಜ ಹಾಕಿದ್ರೆ ನಿನಗೆ ಕೆಲಸ ಇಲ್ಲ ಅಂದಿದಾನಲ್ಲ.”

“ಅದಕ್ಕೇ ಡಾಕ್ಟರಮ್ಮನ ಹತ್ರ ಚೀಟಿ ಬರೆಸ್ತೀನಿ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡಲಿ, ಆ ದೀಪ ಬದಲಾಯಿಸಲಿ.”

“ನಿನ್ನೊಬ್ಬಳ ತಲೆನೋವಿಗೆ ದೀಪ ಬದಲಾಯಿಸ್ತಾರಾ?”

“ಒಬ್ಬಳದು ಅಂತ ಯಾರಂದ್ರು?”

ಹಿರಿಯಳು ಊಟದ ಚೀಲದೊಳಗೆ ಕೈಹಾಕಿ ಇನ್ನೂ ಹದಿಮೂರು ದಾರ ಎಳೆದಳು. ಬೇರೆ ಬೇರೆ ಕೈಗಳು ಕಟ್ಟಿದ ಗಂಟುಗಳು, ಆದರೆ ಎಲ್ಲದರಲ್ಲೂ ಕರಿಯ ಪಕ್ಕ ಹಳದಿ.

ಕಿರಿಯಳು ಒಂದೊಂದೇ ದಾರ ಬಿಡಿಸಿ ಬೆಂಚಿನ ಮೇಲೆ ಸಾಲಾಗಿ ಹರಡಿದಳು.

“ನಿಮ್ಮ ಸಾಲಿಗೆ ಸಾಲೇ?”

ಒಳಗಿನಿಂದ ನರ್ಸ್ ಕೂಗಿದಳು. ಹಿರಿಯಳು ದಾರಗಳನ್ನು ಮುದುಡಲು ಹೋದಳು.

“ಮುದುಡಬೇಡ ಅಕ್ಕಾ, ಗೋಜಲಾಗುತ್ತೆ. ಆ ಕಡೆ ನೀನು ಹಿಡಿ, ಈ ಕಡೆ ನಾನು ಹಿಡೀತೀನಿ.”

ಅಂಚೆಯವನು ಕಾಲು ಮಡಚಿ ದಾರಿ ಬಿಟ್ಟ.