ಮೀನಿನ ಬಾರಿನ ಮುಂಗೋಡೆ ಕುಸಿದ ಬಗ್ಗೆ ಗಾರೆಯಣ್ಣನ ಹೇಳಿಕೆ

ಬೀದಿಯವರೆಲ್ಲ ಗಾರೆಯಣ್ಣ ಎಂದು ಕರೆಯುವ ನಾನು, ವಯಸ್ಸು 61 ವರ್ಷ, ಕಸುಬು ಗಾರೆ ಮತ್ತು ಟೈಲ್ಸ್ ಕೆಲಸ, ವಾಸ ಮೀನಿನ ಬಾರಿನ ಹಿಂದಿನ ಓಣಿಯಲ್ಲಿ ಎಡಕ್ಕೆ ಮೂರನೇ ಮನೆ, ಈ ದಿನ ಗುರುವಾರ ಬೆಳಿಗ್ಗೆ 9.20 ಗಂಟೆಗೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದೇನೆಂದರೆ:

ಮೊನ್ನೆ ಮಂಗಳವಾರ ಬಾರಿನ ಮುಂಗೋಡೆ ಕುಸಿದು ಎದುರು ಅಂಗಡಿಯ ಟೈಲರ್‌ಗೆ ಪೆಟ್ಟಾದ ವಿಷಯದಲ್ಲಿ ಬಾರಿನ ಒಡತಿ ದೊಡ್ಡಕ್ಕ ತಪ್ಪೆಲ್ಲ ತಮ್ಮದೇ ಎಂದು ಹೇಳಿಕೆ ಕೊಟ್ಟಿದ್ದಾರೆ. ಗೋಡೆ ಸಡಿಲವಾಗಿದೆ, ಕೆಡವಿಸಿ ಎಂದು ನಾನು ಬಡಕೊಂಡರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಅದು ಶುದ್ಧ ಸುಳ್ಳು. ನಡೆದದ್ದು ತಿರುಗಾಮುರುಗಾ. ಈ ಸುಳ್ಳು ನಿಂತರೆ ಅವರ ಲೈಸೆನ್ಸು ಹೋಗುತ್ತದೆ, ಅವರ ಮೇಲೆ ಕೇಸು ಬೀಳುತ್ತದೆ. ಅದಕ್ಕೇ ಬಂದಿದ್ದೇನೆ.

ಸಾಹೇಬರು ಈ ಠಾಣೆಗೆ ಹೊಸಬರಾದ್ದರಿಂದ ಗೋಡೆಯ ವಿಷಯ ಮೊದಲು ಹೇಳಬೇಕು. ಅದು 22 ಅಡಿ ಅಗಲ, 14 ಅಡಿ ಎತ್ತರ. ಇಡೀ ಗೋಡೆಯೇ ಒಂದು ಮೀನು. ಅದರ ಬಾಯಿಯೇ ಬಾಗಿಲು. ಕುಡಿಯಲು ಬಂದವನು ಮೊದಲು ಮೀನಿಗೆ ತುತ್ತಾಗಬೇಕು. ಕಣ್ಣು ಒಂದು ನೀಲಿ ಎನಾಮೆಲ್ ಬೋಗುಣಿ. ಮೈಮೇಲಿನ ಹುರುಪೆಗಳೆಲ್ಲ ಒಡೆದ ತಟ್ಟೆ, ಕಪ್ಪು, ಬಸಿಗಳ ಚೂರುಗಳು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಪಿಂಗಾಣಿ ಒಡೆದರೂ ಕಸಕ್ಕೆ ಹಾಕುವುದಿಲ್ಲ, ಬಾರಿಗೆ ತರುತ್ತಾರೆ. ಕುಡಿಯದವರೂ ತರುತ್ತಾರೆ. 26 ವರ್ಷದಿಂದ ಅವನ್ನು ಗೋಡೆಗೆ ಕೂರಿಸುತ್ತಿರುವವನು ನಾನು. ನರ್ಸಮ್ಮನ ತಾಯಿಯ ಟೀ ಕಪ್ಪಿನ ಚೂರು ಮೀನಿನ ಬಾಲದಲ್ಲಿದೆ. ಕಂಡಕ್ಟರ್ ಮನೆಯ ಗಂಡ ಹೆಂಡತಿ ಜಗಳದಲ್ಲಿ ಒಡೆದ ಬಸಿಗಳು ಬೆನ್ನಿನ ಮೇಲೆ ಒಂದು ಸಾಲು ಪೂರ್ತಿ ಇವೆ, ಇನ್ನೂ ಬರುತ್ತಲೇ ಇವೆ. ಸಂಜೆ ಐದರ ಬಿಸಿಲು ಬಿದ್ದಾಗ ಬಸ್ಸಿಗೆ ಕಾಯುವವರು ಬಸ್ಸು ಬಿಟ್ಟು ಅದನ್ನೇ ನೋಡುತ್ತಾರೆ.

ಒಳಗೆ ಎಂಟೇ ಮೇಜು. ಮೂರನೇ ಗ್ಲಾಸು ಕೇಳಿದವನನ್ನು ದೊಡ್ಡಕ್ಕ ಮನೆಯಲ್ಲಿ ಊಟಕ್ಕೆ ಯಾರು ಕಾಯುತ್ತಿದ್ದಾರೆ ಎಂದು ಕೇಳುತ್ತಾರೆ. ಯಾರೂ ಇಲ್ಲ ಎಂದರೆ ಗ್ಲಾಸು ಕೊಡದೆ ತಾವೇ ಎದುರಿಗೆ ಬಂದು ಕೂರುತ್ತಾರೆ. ನನ್ನ ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅಷ್ಟು ದಿನವೂ ನನ್ನೆದುರಿಗೆ ಕೂತಿದ್ದಾರೆ.

ಗೋಡೆಯಲ್ಲಿ ಜಾಗ ಮುಗಿದು ಹನ್ನೆರಡು ವರ್ಷವಾಯಿತು. ಹಳೆಯದನ್ನು ಕಿತ್ತು ಹೊಸದು ಹಾಕುವುದು ಕಸುಬಿನ ಕ್ರಮ. ಆದರೆ ಯಾರ ಚೂರು ಕೀಳಲಿ? ಒಬ್ಬರೂ ಒಪ್ಪುವುದಿಲ್ಲ, ನನಗೂ ಕೈ ಬರಲಿಲ್ಲ. ಹಳೆಯದರ ಮೇಲೆಯೇ ಗಾರೆ ಹಚ್ಚಿ ಹೊಸದು ಕೂರಿಸುತ್ತ ಹೋದೆ. ಹೊಟ್ಟೆಯ ಭಾಗ ಆರು ಇಂಚು ದಪ್ಪವಾಯಿತು. ಮೀನು ಮೈಕೈ ತುಂಬಿಕೊಂಡಿದೆ ಎಂದು ಜನ ಹೊಗಳಿದರು, ನಾನೂ ಉಬ್ಬಿಹೋದೆ. ನುಣುಪು ಪಿಂಗಾಣಿಯ ಮೇಲೆ ಗಾರೆ ಹಿಡಿಯುವುದಿಲ್ಲ ಎನ್ನುವುದು ಈ ಕೆಲಸ ಕಲಿಯುವ ಮೊದಲ ವರ್ಷವೇ ಗೊತ್ತಾಗುವ ವಿಷಯ.

ನಾಲ್ಕು ತಿಂಗಳ ಹಿಂದೆ ಗಾರೆ ಹಚ್ಚುವ ಕರಣೆಯ ಹಿಡಿಯಿಂದ ಗೋಡೆ ತಟ್ಟಿ ನೋಡಿದೆ. ಬಾಗಿಲಿನ ಎಡಕ್ಕೆ ಆರು ಅಡಿಯವರೆಗೆ ಟೊಳ್ಳು ಸದ್ದು ಬಂತು. ಅದೇ ದಿನ ದೊಡ್ಡಕ್ಕನಿಗೆ ಹೇಳಿದೆ, ಅಷ್ಟು ಮಾತ್ರ ನಿಜ. ಅವರು ನಾಳೆಯೇ ಕೆಡವಿಬಿಡು ಎಂದರು. ಕೆಡವಿದರೆ ಒಂದು ಚೂರೂ ಇಡಿಯಾಗಿ ಬರುವುದಿಲ್ಲ ಎಂದು ದಿನ ದೂಡಿದವನು ನಾನು. ಅವರು ಗೋಡೆಯಿಂದ ಐದು ಅಡಿ ಬಿಟ್ಟು ಹಗ್ಗ ಕಟ್ಟಿಸಿದರು, ಗಿರಾಕಿಗಳನ್ನು ಪಕ್ಕದ ಬಾಗಿಲಿನಿಂದ ಬಿಟ್ಟುಕೊಂಡರು. ವಾರಕ್ಕೊಮ್ಮೆಯಾದರೂ, "ಗೋಡೆ ಹೋದ್ರೆ ಇನ್ನೊಂದು ಕಟ್ಟಬಹುದು ಕಣಪ್ಪಾ, ಯಾರ್ದಾದ್ರೂ ತಲೆ ಹೋದ್ರೆ ಏನ್ ಮಾಡ್ತೀಯಾ?" ಎಂದು ಕೇಳುತ್ತಿದ್ದರು. ಮುಂದಿನ ವಾರ ಖಂಡಿತ ಎಂದು ನಾಲ್ಕು ತಿಂಗಳು ಹೇಳಿದೆ.

ಕಳೆದ ಭಾನುವಾರ ಮಧ್ಯಾಹ್ನ 2 ಗಂಟೆಗೆ ಪಾತ್ರೆ ತೊಳೆಯುವಾಗ ನನ್ನ ಹೆಂಡತಿಯ ತಟ್ಟೆ ನನ್ನ ಕೈಜಾರಿ ಒಡೆಯಿತು. ಬಿಳಿ ತಟ್ಟೆ, ಅಂಚಿಗೆ ನೀಲಿ ಗೆರೆ. ಆಸ್ಪತ್ರೆಗೆ ಸೇರಿದ ದಿನವೂ ಅದರಲ್ಲೇ ಉಂಡು ಹೋಗಿದ್ದಳು. ಮೂರು ಚೂರಾಯಿತು. ಅವಳು ಬದುಕಿದ್ದಷ್ಟು ದಿನ ಮನೆಯಲ್ಲಿ ಒಂದು ಬಸಿಯನ್ನೂ ಒಡೆದವಳಲ್ಲ, ಹಾಗಾಗಿ ನಮ್ಮ ಮನೆಯದು ಅಂತ ಆ ಗೋಡೆಯಲ್ಲಿ ಏನೂ ಇರಲಿಲ್ಲ. ಇದನ್ನು ಮೀನಿನ ಹೊಟ್ಟೆಯ ನಟ್ಟನಡುವೆ, ಎಲ್ಲರ ಕಣ್ಣಿಗೆ ಬೀಳುವ ಕಡೆಯೇ ಕೂರಿಸಬೇಕು ಅನ್ನಿಸಿತು. ಬೇರೆ ಯಾವ ಯೋಚನೆಯೂ ತಲೆಗೆ ಹತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ 10.20ಕ್ಕೆ, ಬಾರು ತೆರೆಯುವ ಮುಂಚೆ ಹೋದೆ. ದೊಡ್ಡಕ್ಕ ಒಳಗೆ ನೆಲ ಒರೆಸುತ್ತಿದ್ದರು. ಹಗ್ಗ ಬಿಚ್ಚಿದವನು ನಾನು. ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ. ನೆಲದಿಂದ ಆರು ಅಡಿ ಎತ್ತರದಲ್ಲಿ ಗಾರೆ ಹಚ್ಚಿ, ಮೂರೂ ಚೂರು ಕೂರಿಸಿ, ಮರದ ಸುತ್ತಿಗೆಯಿಂದ ಐದಾರು ಸಲ ತಟ್ಟಿದೆ. ಟೊಳ್ಳು ಸದ್ದು ಕಿವಿಗೆ ಬಿತ್ತು. ಆದರೂ ತಟ್ಟಿದೆ. 10.45ಕ್ಕೆ ಕೆಲಸ ಮುಗಿಯಿತು.

10.50ಕ್ಕೆ ಟೈಲರ್ ತನ್ನ ಅಂಗಡಿಯಿಂದ ರಸ್ತೆ ದಾಟಿ ಬಂದ. ಅವನ ಅಂಗಡಿಗೂ ಗೋಡೆಗೂ 30 ಅಡಿ ಅಂತರ. ನಾವಿಬ್ಬರೂ 27 ವರ್ಷದ ಸ್ನೇಹಿತರು. ಅವನು ತಟ್ಟೆಯ ಅಂಚು ಮುಟ್ಟಲು ಬಲಗೈ ಎತ್ತಿದ. ಆಗ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದಷ್ಟು ಭಾಗ ಒಮ್ಮೆಲೇ ಕಳಚಿ ಅವನ ಕೈ ಮತ್ತು ಭುಜದ ಮೇಲೆ ಬಿತ್ತು. ನಾನು ಎರಡು ಅಡಿ ಪಕ್ಕದಲ್ಲಿದ್ದೆ. ನನಗೆ ಒಂದು ತರಚು ಗಾಯವೂ ಆಗಲಿಲ್ಲ. ದೊಡ್ಡಕ್ಕನೇ ಓಡಿ ಬಂದು ಬರಿಗೈಯಲ್ಲಿ ಚೂರುಗಳನ್ನು ಎತ್ತಿ ಹಾಕಿ ಅವನನ್ನು ಈಚೆಗೆ ಎಳೆದರು. 11.15ಕ್ಕೆ ಆಸ್ಪತ್ರೆಗೆ ಸೇರಿಸಿದೆವು. ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ, ಕತ್ತರಿ ಹಿಡಿಯುವ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿದರು.

ನಿನ್ನೆ ಬುಧವಾರ ಸಂಜೆ 4.30ಕ್ಕೆ ವಾರ್ಡಿಗೆ ಹೋದಾಗ ಟೈಲರ್, "ಪೊಲೀಸ್ನೋರು ಬಂದು ಹೋದ್ರು. ನಾನಾಗೇ ಬಂದು ಗೋಡೆಗೆ ಒರಗಿದೆ ಅಂತ ಬರೆಸಿದ್ದೀನಿ. ನೀನು ನಡುವೆ ಬಾಯಿ ಹಾಕ್ಬೇಡ. ಮನೆಗೆ ಹೋಗಿ ಊಟ ಮಾಡು" ಎಂದ. ಯಾಕೆ ಸುಳ್ಳು ಬರೆಸಿದಿರಿ ಎಂದು ದೊಡ್ಡಕ್ಕನನ್ನು ಕೇಳಿದ್ದಕ್ಕೆ, ತಮಗೆ ಎಪ್ಪತ್ತೊಂದು ತುಂಬಿತು, ಬಾರು ಇವತ್ತಲ್ಲ ನಾಳೆ ಮುಚ್ಚುವುದೇ, ನನಗೆ ಇನ್ನೂ ದುಡಿಯುವ ಕೈ ಇದೆ ಎಂದರು. ಇಬ್ಬರ ಮೇಲೂ ನನಗೆ ಸಿಟ್ಟು ಬಂದಿದೆ. ಕಾಪಾಡಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಅವರ ಮುಖ ನೋಡಿಕೊಂಡು ಹೇಗಿರಲಿ? ಸುಳ್ಳು ಹೇಳಿದ್ದಕ್ಕೆ ಅವರಿಬ್ಬರಿಗೂ ತೊಂದರೆ ಕೊಡಬಾರದೆಂದು ಕೇಳಿಕೊಳ್ಳುತ್ತೇನೆ.

ಮೇಲಿನದನ್ನು ಬರೆದುಕೊಂಡವರು ನನಗೆ ಓದಿ ಹೇಳಿದರು. ಸರಿಯಾಗಿದೆ ಎಂದು ಸಹಿಗೆ ಪೆನ್ನು ಹಿಡಿದೆ. ಹಿಡಿದ ಮೇಲೆ ಸಹಿ ಹಾಕಲಾಗಲಿಲ್ಲ. ಒಂದು ಮಾತನ್ನು ನಾನೇ ಬೇಕೆಂದು ಬಿಟ್ಟಿದ್ದೇನೆ, ಸೇರಿಸಿಕೊಳ್ಳಬೇಕು.

ಟೈಲರ್ ತಾನಾಗಿ ಬರಲಿಲ್ಲ. ನಾನು ಕರೆದೆ. ಮೊದಲ ಸಲ ಕರೆದಾಗ ತಲೆ ಎತ್ತದೆ ಆಮೇಲೆ ಎಂದು ಕೈ ಆಡಿಸಿದ. ಎರಡನೇ ಸಲ, ಹಗ್ಗ ಯಾಕೆ ಬಿಚ್ಚಿದೆ, ಮೊದಲು ನೀನು ಈಚೆ ಬಾ ಎಂದು ಬೈದ. ಮೂರನೇ ಸಲ ನಾನು ರಸ್ತೆಗೆಲ್ಲ ಕೇಳುವಂತೆ, "ನಿಮ್ಮತ್ತಿಗೆ ತಟ್ಟೆ ಕಣೋ ಇದು! ಇಷ್ಟು ವರ್ಷ ಅವಳ ಕೈಯಡುಗೆ ಉಂಡೋನು, ನಾಲ್ಕು ಹೆಜ್ಜೆ ಬಂದು ನೋಡಕ್ಕಾಗಲ್ವಾ?" ಎಂದು ಕೂಗಿದೆ.

ಅವನು ಕತ್ತರಿ ಕೆಳಗಿಟ್ಟು ಬಂದ.

ಇದಿಷ್ಟೂ ನಾನು ಕಂಡದ್ದು ಮತ್ತು ಮಾಡಿದ್ದು. ಯಾರ ಒತ್ತಾಯವೂ ಇಲ್ಲದೆ, ಎರಡು ಸಲ ಓದಿಸಿ ಕೇಳಿ, ನಿಜವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಖು, ಗುರುವಾರ, ಬೆಳಿಗ್ಗೆ 11.05 ಗಂಟೆ
ಸಹಿ: (ಗಾರೆಯಣ್ಣ)