ಅರ್ಧ ಮಾತ್ರೆ ತಡ

ಸನ್ಮಾನ್ಯ ಪುರಸಭಾಧ್ಯಕ್ಷರೇ, ಸಂಗೀತ ಶಾಲೆಯ ಮುಖ್ಯಸ್ಥರೇ, ಮಾಲೆಚೆಕ್ ಮೇಷ್ಟ್ರ ಮಗಳು, ಪ್ರಾಗ್‌ನಿಂದ ಬಂದಿರುವ ಯಿಟ್ಕಾ, ನಮ್ಮ ಗಾಯಕವೃಂದದ ಹೊಸಬರೇ ಹಳಬರೇ, ಹಿಂದಿನ ಸಾಲಿನಲ್ಲಿ ಕೂತು ಸಿಹಿರೊಟ್ಟಿಯ ತಟ್ಟೆಗಳ ಮೇಲೇ ಕಣ್ಣಿಟ್ಟಿರುವ ಸಭಿಕರೇ,

ಐದು ನಿಮಿಷ ಮಾತಾಡಿ, ಫಲಕದ ಪರದೆ ಎಳೆದು ಕೂತುಬಿಡಿ ಎಂದು ಅಧ್ಯಕ್ಷರು ನನಗೆ ಹೇಳಿದ್ದಾರೆ. ನನಗೆ ತೊಂಬತ್ತು ವರ್ಷ. ಎದ್ದು ನಿಲ್ಲುವುದಕ್ಕೇ ಐದು ನಿಮಿಷ ಬೇಕು. ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ಸಹಿಸಿಕೊಳ್ಳಿ.

ಇಂದಿನಿಂದ ಈ ಶಾಲೆಗೆ ಆಲೋಯಿಸ್ ಮಾಲೆಚೆಕ್ ಅವರ ಹೆಸರು. ಯಾರು ಈ ಮಾಲೆಚೆಕ್? ಚೌಕದ ಮೂಲೆಯಲ್ಲಿದ್ದ ಬೇಕರಿಯವನ ಮಗ. ಬೆಳಿಗ್ಗೆ ರೊಟ್ಟಿ ಬೇಯಿಸಿ, ಕೈಯ ಹಿಟ್ಟು ಕೊಡವಿಕೊಂಡು ಪಿಟೀಲು ಹಿಡಿಯುತ್ತಿದ್ದವರು. ಯುದ್ಧದಲ್ಲಿ ಜರ್ಮನರು ಕೂಲಿಗೆ ಎಳೆದುಕೊಂಡು ಹೋದರು. ನಲವತ್ತೈದರಲ್ಲಿ ಬಡಕಲಾಗಿ ಹಿಂತಿರುಗಿದವರೇ ಕಮ್ಯುನಿಸ್ಟ್ ಪಕ್ಷ ಸೇರಿದರು. ಇನ್ನು ಯಾರೂ ಹಸಿದಿರಬೇಕಾಗಿಲ್ಲ ಎಂದು ನಂಬಿದರು. ಅವರೊಬ್ಬರೇ ನಂಬಿದರೇ? ನಾನೂ ನಂಬಿದೆ. ಮೇ ದಿನದ ಮೆರವಣಿಗೆಗೆ ಅವರು ಕಟ್ಟಿದ ಹಾಡನ್ನು ತಾನು ಹಾಡಿಲ್ಲ ಎಂದು ಈ ಸಭೆಯಲ್ಲಿ ಎಪ್ಪತ್ತೈದು ದಾಟಿದವರು ಯಾರಾದರೂ ಹೇಳಿದರೆ ಅದು ಹಸಿ ಸುಳ್ಳು. ಮೂವತ್ತೈದು ತುಂಬುವ ಮೊದಲೇ ಅವರು ಪ್ರಾಗ್‌ನ ಸಂಸತ್ತಿನಲ್ಲಿ ಕೂತಿದ್ದರು. ಆದರೂ ನಮ್ಮ ಗಾಯಕವೃಂದಕ್ಕೆ ಗುರುವಾರದ ಅಭ್ಯಾಸ ಮಾಡಿಸಲು ರೈಲು ಹಿಡಿದು ಇಲ್ಲಿಗೆ ಬರುತ್ತಿದ್ದರು.

ನಾನು ಹೆಂಗಸರ ತಗ್ಗು ದನಿಯ ಸಾಲಿನಲ್ಲಿ ನಿಲ್ಲುತ್ತಿದ್ದೆ. ಯಾವಾಗಲೂ ಅರ್ಧ ಮಾತ್ರೆ ತಡವಾಗಿ ಹಾಡು ಎತ್ತಿಕೊಳ್ಳುತ್ತಿದ್ದೆ. ಪಕ್ಕದವಳ ಬಾಯಿ ತೆರೆಯಿತೇ ಎಂದು ನೋಡಿಕೊಂಡು ಆಮೇಲೆ ನನ್ನ ಬಾಯಿ ತೆರೆಯುವುದು. ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡು ಕುಟ್ಟುತ್ತಿದ್ದರು. "ವ್ಲಾಸ್ತಾ, ಮತ್ತೆ ಅರ್ಧ ಮಾತ್ರೆ ತಡ. ಅಂಚೆ ಕಚೇರೀಲಿ ಕೆಲಸ ಮಾಡ್ತೀಯ, ಗೊತ್ತಮ್ಮ. ಹಾಡನ್ನೂ ಅಂಚೇಲೇ ಕಳಿಸ್ಬೇಕಾ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದೂ ಸ್ವಲ್ಪ ತಡವಾಗಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಬರೆದುಕೊಂಡು ಬಂದ ಚೀಟಿಯಲ್ಲಿ ಇಷ್ಟೇ ಇದೆ.

ಆದರೆ ಶಿಮಾನೆಕ್ ಅವರ ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಅವರು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ನಮ್ಮ ವೃಂದಕ್ಕೆ ಪಿಯಾನೋ. ಐವತ್ತೊಂದರ ಒಂದು ಗುರುವಾರ ಮಾಲೆಚೆಕ್ ಮೇಷ್ಟ್ರು ಅವರ ಎದುರಿಗೇ ನಮ್ಮನ್ನು ಕೇಳಿದರು: "ಪಾದ್ರಿಗಳ ಜೊತೆ ಓಡಾಡೋರು ನಮ್ಮ ಜೊತೆ ಇರೋದು ಬೇಡ. ಒಪ್ಪೋರು ಕೈ ಎತ್ತಿ." ನನಗೆ ಹದಿನೇಳು ವರ್ಷ. ಎಲ್ಲರಿಗಿಂತ ಮೊದಲು ಎದ್ದ ಕೈ ನನ್ನದು. ಅವತ್ತು ನಾನು ತಡ ಮಾಡಲಿಲ್ಲ. ಶಿಮಾನೆಕ್ ಪಿಯಾನೋ ಮುಚ್ಚಿದರು, ಮೇಲೆ ಬಟ್ಟೆ ಹೊದಿಸಿದರು, ಟೋಪಿ ಹಾಕಿಕೊಂಡು ಮನೆಗೆ ಹೋದರು. ಮೇಷ್ಟ್ರು ನನ್ನ ಕಡೆ ನೋಡಿ ತಲೆದೂಗಿದರು. ಅವರು ತಲೆದೂಗಿದ್ದಕ್ಕೆ ನಾನು ಎಷ್ಟು ಹಿಗ್ಗಿದ್ದೆ ಎಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅರವತ್ತೆಂಟರ ಆಗಸ್ಟ್‌ನಲ್ಲಿ ರಷ್ಯದ ಟ್ಯಾಂಕುಗಳು ಬಂದವು. ಅವುಗಳನ್ನು ಕರೆದವರು ನಾವಲ್ಲ ಎಂದು ಮೇಷ್ಟ್ರು ಸಂಸತ್ತಿನಲ್ಲಿ ಎದ್ದು ನಿಂತು ಹೇಳಿದರು. ಮಾತು ವಾಪಸ್ ತಗೊಳ್ಳಿ ಎಂದರು ಪಕ್ಷದವರು. ತಗೊಳ್ಳಲಿಲ್ಲ. ಹಾಗಾಗಿ ಎಪ್ಪತ್ತರ ಮಾರ್ಚ್‌ನಲ್ಲಿ, ಅದೂ ಗುರುವಾರವೇ, ಜಿಲ್ಲಾ ಕಚೇರಿಯಿಂದ ಒಬ್ಬರು ಬಂದರು. ಮೇಷ್ಟ್ರು ಎಂದಿನಂತೆ ನಮಗೆ ಎದುರಾಗಿ, ಶಿಮಾನೆಕ್ ಹೋದಮೇಲೆ ತಾವೇ ನುಡಿಸುತ್ತಿದ್ದ ಪಿಯಾನೋದ ಸ್ಟೂಲಿನ ಮೇಲೆ ಕೂತಿದ್ದರು. "ಇವರನ್ನು ವೃಂದದಿಂದ ತೆಗೆಯೋಕೆ ಒಪ್ಪೋರು ಕೈ ಎತ್ತಿ," ಎಂದರು ಬಂದವರು.

ಕೈಗಳು ಎದ್ದವು. ನನ್ನದೂ ಎದ್ದಿತು. ಆ ವರ್ಷ ನನ್ನ ಮಗನನ್ನು ಪ್ರೌಢಶಾಲೆಗೆ ಸೇರಿಸಬೇಕಿತ್ತು; ಕೈ ಎತ್ತದವರ ಮಕ್ಕಳಿಗೆ ಅಲ್ಲಿ ಸೀಟು ಸಿಗುತ್ತಿರಲಿಲ್ಲ. ಅದು ಕಾರಣ. ನೆಪ ಅಂದರೂ ಸರಿ.

ಮೇಷ್ಟ್ರು ನನ್ನನ್ನೇ ನೋಡಿದರು. "ವ್ಲಾಸ್ತಾ, ಅರ್ಧ ಮಾತ್ರೆ ತಡ," ಎಂದರು.

ಯಾರೂ ನಗಲಿಲ್ಲ. ಅವರು ಎದ್ದು ಪಿಯಾನೋ ಮುಚ್ಚಿದರು, ಮೇಲೆ ಬಟ್ಟೆ ಹೊದಿಸಿದರು. ಹೊದಿಸುವಾಗ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಶಿಮಾನೆಕ್ ನೆನಪಾದರೇನೋ, ನನಗಂತೂ ಆದರು.

ಮನಸ್ಸು ಒಪ್ಪಲಿಲ್ಲ, ಅದಕ್ಕೇ ಕೈ ತಡವಾಗಿ ಎದ್ದಿತು ಎಂದು ನಾನು ಮಗನಿಗೆ ಹೇಳಿದೆ, ಮೊಮ್ಮಕ್ಕಳಿಗೂ ಹೇಳಿದೆ. ಅದು ನಿಜವಲ್ಲ. ಅಕ್ಕಪಕ್ಕದ ಕೈಗಳು ಎದ್ದವೇ ಎಂದು ನೋಡುತ್ತಿದ್ದೆ, ಅಷ್ಟೇ.

ಆಮೇಲೆ ಹದಿನಾಲ್ಕು ವರ್ಷ, ಸಾಯುವವರೆಗೂ, ಮೇಷ್ಟ್ರು ಆಸ್ಪತ್ರೆಯ ಬಾಯ್ಲರ್‌ಗೆ ಕಲ್ಲಿದ್ದಲು ಹಾಕಿದರು. ಸ್ಟಾಂಪಿಗೆಂದು ಅಂಚೆ ಕಚೇರಿಯಲ್ಲಿ ನನ್ನ ಕಿಟಕಿಗೇ ಬರುತ್ತಿದ್ದರು. "ಚೆನ್ನಾಗಿದ್ದೀಯಾ ವ್ಲಾಸ್ತಾ?" "ಹೂಂ ಮೇಷ್ಟ್ರೇ." ಬೇರೆ ಮಾತಿಲ್ಲ. ಕ್ಷಮಿಸಿ ಎನ್ನಲು ಆ ಕಿಟಕಿ ಸಾಕಾಗಿತ್ತು. ನಾನು ಸ್ಟಾಂಪು ಕೊಟ್ಟೆ.

ಈಗ ಫಲಕಕ್ಕೆ ಬರೋಣ. ಮೊನ್ನೆ ನನಗೆ ಅದನ್ನು ಓದಿ ಹೇಳಿದರು. "ಅಂದಿನ ಸರ್ಕಾರ ಇವರನ್ನು ಗಾಯಕವೃಂದದಿಂದ ಹೊರಹಾಕಿತು" ಎಂದಿದೆ. ಅಧ್ಯಕ್ಷರೇ, ಅವತ್ತು ಆ ಕೋಣೆಯಲ್ಲಿ ಸರ್ಕಾರದ್ದು ಎರಡೇ ಕೈ, ಅವೂ ಕೋಟಿನ ಜೇಬಿನಲ್ಲಿದ್ದವು. ಎದ್ದ ಇಪ್ಪತ್ತಾರು ಕೈಗಳು ನಮ್ಮವು. ಇಪ್ಪತ್ತೈದು ಕೈಗಳು ಮಣ್ಣಿಗೆ ಹೋಗಿವೆ. ಉಳಿದ ಒಂದರಿಂದ ಆ ಪರದೆ ಎಳೆಸುತ್ತಿದ್ದೀರಿ. ನಾನು ಎಳೆಯುವುದಿಲ್ಲ. ಕಂಚಿನಲ್ಲಿ ಎರಕವಾಗಿದೆ ಎನ್ನುತ್ತೀರಿ. ಕರಗಿಸಿ. "ಅವರ ವೃಂದವೇ ಹೊರಹಾಕಿತು" ಎಂದು ಬರೆಸಿ. ಜಾಗ ಉಳಿದರೆ ಶಿಮಾನೆಕ್ ಹೆಸರನ್ನೂ ಹಾಕಿ. ಯಿಟ್ಕಾ, ನಿನ್ನ ಅಪ್ಪನಿಗೆ ಅದರಿಂದ ಬೇಸರವಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಹಾಗೆ ಅನ್ನಿಸುವುದಕ್ಕೆ ಕಾರಣ ಯಿಟ್ಕಾಳೇ. ಹೋದ ವಾರ ಅವಳು ನನಗೊಂದು ಹಾಳೆ ತಂದುಕೊಟ್ಟಳು. ಬಾಯ್ಲರ್ ಕೋಣೆಯಲ್ಲಿ ಮೇಷ್ಟ್ರು ಬರೆದ ಹಾಡು, ಅಂಚಿನಲ್ಲಿ ಇನ್ನೂ ಕಲ್ಲಿದ್ದಲ ಮಸಿಯ ಬೆರಳ ಗುರುತು ಇದೆ. ಈಗ ನಮ್ಮ ವೃಂದ ಅದನ್ನು ಮೊದಲ ಸಲ ಹಾಡುತ್ತದೆ. ಅದರಲ್ಲಿ ಒಂದು ಕಡೆ ಎಲ್ಲ ದನಿಗಳೂ ಒಟ್ಟಿಗೆ ಏಳುತ್ತವೆ. ತಗ್ಗು ದನಿ ಮಾತ್ರ ಅರ್ಧ ಮಾತ್ರೆ ಬಿಟ್ಟು ಏಳುತ್ತದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ: "ಉಳಿದವರು ದನಿ ಹಿಡಿದು ನಿಲ್ಲಿ. ವ್ಲಾಸ್ತಾ ಬರುತ್ತಾಳೆ."

ಇದು ಕ್ಷಮೆಯೋ ಚುಚ್ಚುಮಾತೋ ನನಗೆ ತಿಳಿಯದು. ಕೇಳಬೇಕಾದ ಕಾಲದಲ್ಲಿ ಕೇಳಲಿಲ್ಲ. ಈಗ ನಾನು ವೃಂದದೊಳಗೆ ಹೋಗಿ ನಿಲ್ಲುತ್ತೇನೆ. ದನಿ ತುಕ್ಕು ಹಿಡಿದಿದೆ, ಆದರೂ ಹಾಡುತ್ತೇನೆ. ಈ ಸಲ ಯಾರ ಬಾಯನ್ನೂ ನೋಡುವುದಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಋಣಿ. ಬರುತ್ತಿದ್ದೇನೆ ಮೇಷ್ಟ್ರೇ. ನಮಸ್ಕಾರ.