ಹನಿಯಪ್ಪನ ಒಂಬತ್ತು ವಾಲ್ವು

ದೀಪ ಇರಲಿ, ಆರಿಸಬೇಡಿ. ಇದು ಹೆದರಿಸೋಕೆ ಹೇಳ್ತಿರೋ ಕತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು, ಅವಳ ಬಾಯಿಂದಲೇ ಕೇಳಿದ್ದು. ನಾವೆಲ್ಲ ಅವಳನ್ನ ಅಕ್ಕ ಅಂತಲೇ ಕರೆಯೋದು. ಹಾಗೇ ಹೇಳ್ತೀನಿ.

ಅವತ್ತು ರಾತ್ರಿ ಹತ್ತೂವರೆ ದಾಟಿತ್ತು. ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ಸಂಜೆಯಿಂದ ಎಕ್ಸ್‌ರೇ ಫಿಲ್ಮು ನೋಡಿ ನೋಡಿ ಅಕ್ಕನ ಕಣ್ಣು ಉರೀತಿತ್ತು. ನಮ್ಮ ಎಲುಬಿಗೆ ತೆಗೀತಾರಲ್ಲ, ಹಾಗೇ ಕಬ್ಬಿಣಕ್ಕೂ ತೆಗೀತಾರೆ, ಒಳಗೆ ಬಿರುಕಿದೆಯಾ ಅಂತ. ಚೀಲ ಹೆಗಲಿಗೆ ಹಾಕ್ಕೊಂಡು, ಆವರಣದ ಕೊನೆಯಲ್ಲಿ ಕೊಟ್ಟಿದ್ದ ರೂಮಿನ ಕಡೆ ಒಬ್ಬಳೇ ಹೊರಟಳು. ದಾರಿಯಲ್ಲಿ ಒಂದು ಹಳೇ ಬಾವಿ. ಬಾಯಿಗೆ ಜಾಲರಿ ಹಾಕಿ ಬೀಗ ಜಡಿದಿದ್ದರು. ಬಾವಿ ಪಕ್ಕ ಬಂದಾಗ ಕೇಳಿಸಿತು...

ಕ್ರೀ...ಚ್. ಠಕ್.

ನಿಂತಳು. ಗಾಳಿ ಇರಲಿಲ್ಲ.

ಕ್ರೀ...ಚ್. ಠಕ್.

ಅಕ್ಕನಿಗೆ ಮೊದಲು ಬಂದದ್ದು ಹೆದರಿಕೆ ಅಲ್ಲ, ಸಿಟ್ಟು. ಯಾಕೆ ಅಂದ್ರೆ ಅದು ಏನು ಸದ್ದು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಬಾವಿಯದಲ್ಲ, ಪರೀಕ್ಷೆಗೆ ಒತ್ತಡ ಕೊಡೋ ಕೈಪಂಪಿನ ಸದ್ದು. ಹಿಡಿ ಎತ್ತಿದಾಗ ಕ್ರೀಚ್, ಒತ್ತಿದಾಗ ಠಕ್.

ಅವಳ ಕೆಲಸ ಏನು ಅಂತ ಹೇಳಿಬಿಡ್ತೀನಿ, ಆಮೇಲೆ ತೊಡಕಾಗಬಾರದು. ಈ ಕಾರ್ಖಾನೆ ಅಣುವಿದ್ಯುತ್ ಸ್ಥಾವರಕ್ಕೆ ವಾಲ್ವು ಮಾಡಿಕೊಡುತ್ತೆ. ವಾಲ್ವು ಅಂದ್ರೆ ನಮ್ಮ ಬಚ್ಚಲ ನಲ್ಲಿಯ ಮುತ್ತಜ್ಜ ಅಂದ್ಕೊಳ್ಳಿ, ಎರಡಾಳು ತೂಕ. ಬಚ್ಚಲ ನಲ್ಲಿ ತೊಟ್ಟಿಕ್ಕಿದ್ರೆ ಕೆಳಗೊಂದು ಬಕೆಟ್ ಇಟ್ಟು ನೆಮ್ಮದಿಯಾಗಿ ಮಲಗಬಹುದು. ಅಲ್ಲಿ ಹಾಗೆ ಮಲಗೋಕಾಗಲ್ಲ. ಅದಕ್ಕೇ ಪ್ರತಿಯೊಂದು ವಾಲ್ವಿಗೂ ನೀರು ತುಂಬಿ, ಬಾಯಿ ಮುಚ್ಚಿ, ಪಂಪಿನಿಂದ ಒತ್ತಡ ಕೊಟ್ಟು, ಹತ್ತು ನಿಮಿಷ ಹಾಗೇ ಹಿಡಿದು ನೋಡಬೇಕು. ಒತ್ತಡ ತೋರಿಸೋ ಮೀಟರಿನ ಮುಳ್ಳು ಇಳಿಯಬಾರದು, ಒಂದು ಹನಿ ಕಾಣಬಾರದು. ಸ್ಥಾವರದವರ ಪರವಾಗಿ ಹೋಗಿ, ಕಾಗದ ನೋಡಿ, ಕಬ್ಬಿಣ ನೋಡಿ, ಸರಿ ಇದ್ರೆ ಸಹಿ ಹಾಕೋದು ಅಕ್ಕನ ಕೆಲಸ. ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದಳು: "ನಾನು ಎದುರಿಗೆ ನಿಲ್ಲದೆ ಯಾವ ಪರೀಕ್ಷೆಯನ್ನೂ ಮಾಡಬೇಡಿ."

ಈಗ ನೋಡಿದ್ರೆ ಕದ್ದು ಮುಚ್ಚಿ ಮಾಡ್ತಿದ್ದಾರೆ!

ಸರಸರ ಹೋದಳು. ಪರೀಕ್ಷೆ ಶೆಡ್ಡಿನ ಚಿಕ್ಕ ಬಾಗಿಲು ಓರೆಯಾಗಿತ್ತು. ಒಳಗೆ ಬೆಂಚಿನ ಮೇಲೆ ಒಂದೇ ಬಲ್ಬು. ಅದರ ಕೆಳಗೆ, ಗಿಡ್ಡ ಸ್ಟೂಲಿನ ಮೇಲೆ ಒಬ್ಬ ಮುದುಕ. ಬಡಕಲು ಮೈ, ತೋಳು ಮಡಿಸಿದ ನೀಲಿ ಅಂಗಿ. ಬಲಗೈ ಪಂಪಿನ ಹಿಡಿ ಮೇಲೆ. ಮುಖವನ್ನ ವಾಲ್ವಿನ ಮೈಗೆ ಎಷ್ಟು ಹತ್ತಿರ ಇಟ್ಟಿದ್ದ ಅಂದ್ರೆ, ಕೂಸಿನ ಉಸಿರು ಕೇಳಿಸ್ಕೊಳ್ಳೋ ಹಾಗೆ.

ಅವನನ್ನ ನೋಡಿ ಅಕ್ಕನ ಸಿಟ್ಟು ಅರ್ಧ ಇಳಿಯಿತು. ದನಿಯೂ ಇಳಿಯಿತು.

"ಯಾರು ಹೇಳಿದ್ರು ನಿಮಗೆ, ಈ ಹೊತ್ತಲ್ಲಿ ಮಾಡಿ ಅಂತ?"

ಮುದುಕ ತಿರುಗಲಿಲ್ಲ. "ಶ್... ಹಿಡಿದಿದೀನಿ ತಾಯಿ. ಮಾತಾಡಬೇಡಿ."

"ಎಷ್ಟು ಉಳಿದಿವೆ?"

"ಒಂಬತ್ತು."

"ಒಂಬತ್ತೂ ಇವತ್ತೇ ಆಗ್ಬೇಕಾ?"

"ಆಗ್ತಾ ಇಲ್ಲ ತಾಯಿ..." ಕ್ರೀಚ್. ಠಕ್. "ಎಷ್ಟು ಮಾಡಿದ್ರೂ ಒಂಬತ್ತೇ ಉಳೀತವೆ."

ಅಕ್ಕನಿಗೆ ಅರ್ಥ ಆಗಲಿಲ್ಲ. ಪುಸ್ತಕ ತೆಗೆದಳು, ಅಭ್ಯಾಸ ಬಲ. ಆಗ ಮುದುಕ ಪಿಸುಗುಟ್ಟಿದ:

"ಬರ್ಕೊತೀರಾ? ಬರ್ಕೊಳ್ಳಿ. ಅವತ್ತು ನಾನು ಹೊರಟಿದ್ದು ಎಂಟೂವರೆಗೆ. ಹನ್ನೊಂದೂವರೆಗಲ್ಲ... ಎಂಟೂವರೆಗೆ."

ಅಕ್ಕ ತಲೆ ತಗ್ಗಿಸಿ ಬರೆದಳು. ತಲೆ ಎತ್ತಿದಾಗ ಬಲ್ಬು ಇರಲಿಲ್ಲ. ಅಂದ್ರೆ ಆರಿರಲಿಲ್ಲ... ಬಲ್ಬೇ ಇರಲಿಲ್ಲ, ಬರೀ ಖಾಲಿ ಹೋಲ್ಡರು ತೂಗಾಡ್ತಿತ್ತು. ಸ್ಟೂಲೂ ಇಲ್ಲ, ವಾಲ್ವೂ ಇಲ್ಲ. ಕಿಟಕಿಯ ಮಂಕು ಬೆಳಕಲ್ಲಿ ಬೋಳು ಬೆಂಚು. ಎಲ್ಲೋ ಒಂದೇ ಒಂದು ಹನಿ ಬಿತ್ತು. ತಟ್.

ರೂಮಿಗೆ ಹೇಗೆ ಬಂದಳೋ ಅವಳಿಗೇ ನೆನಪಿಲ್ಲ. ಬೆಳಗಾಗೋ ತನಕ ಗೋಡೆಗೆ ಒರಗಿ ಕೂತಿದ್ದಳಂತೆ.

ಬೆಳಿಗ್ಗೆ ಮ್ಯಾನೇಜರ್ ನಕ್ಕುಬಿಟ್ಟರು. "ಕೈಪಂಪಾ? ಅದನ್ನ ಗುಜರಿಗೆ ಹಾಕಿ ಎಷ್ಟೋ ತಿಂಗಳಾಯ್ತು ಮೇಡಂ. ಈಗೆಲ್ಲ ಮೋಟಾರು. ಆ ಶೆಡ್ಡಲ್ಲಿ ಈಗ ಯಾರೂ ಕೆಲಸ ಮಾಡಲ್ಲ. ನಿದ್ದೆಗೆಟ್ಟಿದ್ದೀರಿ ಅಷ್ಟೇ."

ಅಕ್ಕ ವಾದ ಮಾಡಲಿಲ್ಲ. ಮುದುಕನ ಚಹರೆ ಹೇಳಿದಳು ಅಷ್ಟೆ. ಬಡಕಲು ಮೈ, ಮಡಿಸಿದ ತೋಳು, ವಾಲ್ವಿಗೆ ಕೆನ್ನೆ ತಾಗಿಸಿ ಕೂರೋ ರೀತಿ. ಪಕ್ಕದಲ್ಲಿ ನಿಂತು ಟೀ ಕುಡೀತಿದ್ದ ಫೋರ್‌ಮನ್ನನ ಕೈಯಲ್ಲಿ ಲೋಟ ಅಲ್ಲೇ ನಿಂತಿತು.

"ಓ, ಹನಿಯಪ್ಪ!" ಅಂದರು ಮ್ಯಾನೇಜರ್. "ನಮ್ಮ ಹಳೇ ಟೆಸ್ಟರು. ಹನಿ ಹನಿ ಅಂತ ಜೀವ ತಿಂತಿದ್ದ, ಅದಕ್ಕೇ ಆ ಹೆಸರು. ಹನಿಯಪ್ಪ ದಿಟ್ಟಿಸಿ ಕೂತ್ರೆ ಒಳ್ಳೇ ವಾಲ್ವೂ ಹೆದರಿ ಬೆವರುತ್ತೆ ಅಂತ ಹುಡುಗರು ಆಡ್ಕೊಳ್ಳೋರು. ಯಾರೋ ನಿಮಗೆ ಅವನ ಕತೆ ಹೇಳಿರ್ಬೇಕು. ಅವನು ಸತ್ತು ನಾಲ್ಕು ತಿಂಗಳಾಯ್ತು ಮೇಡಂ."

ಅಕ್ಕ ಕೇಳಿದಳು: "ಅವರು ಮಾಡಿದ ಕೊನೇ ಪರೀಕ್ಷೆಗಳ ಕಾಗದ ಕೊಡಿ."

"ಧಾರಾಳವಾಗಿ! ಅಂಥ ಕೆಲಸಗಾರ ಇನ್ನು ಹುಟ್ಟಲ್ಲ. ಆ ಕೊನೇ ಪರೀಕ್ಷೆ ಮಾಡಿದ ರಾತ್ರಿ, ಆಸ್ಪತ್ರೆಯಲ್ಲಿ ಹೆಂಡತಿ ಸಾಯ್ತಿದ್ರೂ ಹನ್ನೊಂದೂವರೆ ತನಕ ಬೆಂಚು ಬಿಡಲಿಲ್ಲ. ಆಯಮ್ಮನ ಅಂತ್ಯಕ್ರಿಯೆಯಲ್ಲಿ ಎಲ್ಲರ ಮುಂದೆ ನಾನೇ ಹೇಳಿದೆ. ಇದಕ್ಕೆ ನಿಷ್ಠೆ ಅಂತಾರೆ, ಅಂತ."

ಹನ್ನೊಂದೂವರೆ. ಅಕ್ಕ ರಾತ್ರಿ ಬರ್ಕೊಂಡ ಪುಟ ತೆಗೆದು ನೋಡಿದಳು.

ಕಾಗದ ಬಂತು. ಹದಿನಾರು ವಾಲ್ವು, ಹದಿನಾರು ಸಾಲು, ಒಂದೊಂದರಲ್ಲೂ ಪರೀಕ್ಷೆ ಮಾಡಿದ ಹೊತ್ತು; ಕೊನೇದು ಹನ್ನೊಂದೂವರೆ. ಎಲ್ಲದರ ಎದುರೂ ಒಂದೇ ಸಹಿ, ಹನಿಯಪ್ಪನದೇ, ಅನುಮಾನ ಇಲ್ಲ. ಆದರೆ ಮೊದಲ ಏಳು ಸಾಲಲ್ಲಿ ಏಳು ಅನ್ನೋ ಅಂಕಿಯ ನಡುವೆ ಒಂದು ಅಡ್ಡಗೀಟು ಇತ್ತು. ಕೆಳಗಿನ ಒಂಬತ್ತರಲ್ಲಿ ಆ ಗೀಟು ಇಲ್ಲ. ಶಾಯಿಯೂ ಬೇರೆ. ಸಹಿ ಒಬ್ಬರದು, ಹೊತ್ತು ತುಂಬಿದವರು ಇನ್ನೊಬ್ಬರು.

ಅಕ್ಕ ಹಾಳೆಯನ್ನ ಮೇಜಿನ ಮೇಲೆ ಇಟ್ಟು ಫೋರ್‌ಮನ್ನನ್ನ ನೋಡಿದಳು. ಆತ ಟೀ ಲೋಟ ಕೆಳಗಿಟ್ಟ.

"ನಾನೇ ಬರೆದಿದ್ದು ಮೇಡಂ."

"ಏನಯ್ಯಾ ಬಡಬಡಿಸ್ತಿದ್ದೀಯ?" ಅಂತ ಮ್ಯಾನೇಜರ್ ಎದ್ದು ನಿಂತರು.

"ಬಿಡಿ ಸಾರ್, ಸಾಕಾಗಿದೆ ನನಗೆ." ಆತ ಕುರ್ಚಿ ಹಿಡ್ಕೊಂಡ. "ಎಂಟೂಕಾಲಿಗೆ ಆಸ್ಪತ್ರೆಯಿಂದ ಫೋನ್ ಬಂತು. ಹೊರಗೆ ಲಾರಿ ನಿಂತಿತ್ತು, ಬೆಳಗಾಗೋದ್ರೊಳಗೆ ಮಾಲು ಹೋಗ್ಲೇಬೇಕಿತ್ತು. ಅವನು ಅಳ್ತಾ ನಿಂತಿದ್ದ, ಆದ್ರೂ ಬೆಂಚು ಬಿಟ್ಟು ಹೋಗಲ್ಲ ಅಂದ. ನಾನೇ ಅಂದೆ... ಸಹಿ ಹಾಕಿ ಹೋಗಣ್ಣ, ಉಳಿದದ್ದು ನಾನು ಮಾಡ್ತೀನಿ ಅಂತ. ಅವನು ನಂಬಿದ. ಖಾಲಿ ಸಾಲುಗಳ ಎದುರು ಒಂಬತ್ತು ಸಹಿ ಹಾಕಿ ಓಡಿದ. ನಾನು ಮೊದಲನೇದನ್ನ ಬೆಂಚಿಗೆ ಹತ್ತಿಸಿದೆ. ಪಂಪು ಕೈಕೊಡ್ತು, ಲಾರಿಯವನು ಹಾರನ್ ಹೊಡೀತಾ ಇದ್ದ. ನಮ್ಮ ವಾಲ್ವು ಯಾವತ್ತು ಸೋರಿದೆ ಅಂತ... ಕೂತು ಹೊತ್ತು ತುಂಬಿಬಿಟ್ಟೆ."

"ಅವರು ಆಸ್ಪತ್ರೆ ಮುಟ್ಟಿದ್ದು ಎಷ್ಟು ಹೊತ್ತಿಗೆ?"

"ಹನ್ನೆರಡು. ಕೊನೇ ಬಸ್ಸು ಅರ್ಧ ದಾರೀಲಿ ಕೆಟ್ಟು ನಿಂತಿತ್ತಂತೆ. ಉಳಿದದ್ದು ನಡೆದ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು."

"ಹೇಳಬಹುದಿತ್ತಲ್ಲ ಯಾರಿಗಾದರೂ?"

"ಹೇಗೆ ಹೇಳ್ತಾನೆ ಮೇಡಂ? ಎಂಟೂವರೆಗೆ ಹೊರಟೆ ಅಂದ್ರೆ, ಪರೀಕ್ಷೆ ಸುಳ್ಳು ಅಂದಂಗಾಯ್ತು. ನನ್ನ ಅನ್ನ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡ. ಇವರು ಎಲ್ಲರೆದುರು ನಿಷ್ಠೆ ಅಂತ ಹೊಗಳಿದ್ರಲ್ಲ... ಅವನ ಮಗಳು ಅಲ್ಲೇ ನಿಂತಿದ್ದಳು. ಅವತ್ತಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಅವನು ಸಾಯೋ ತನಕ ಆಡಲಿಲ್ಲ. ನಾನು ನೋಡ್ತಾನೇ ಇದ್ದೆ."

ಮ್ಯಾನೇಜರ್ ನಿಧಾನಕ್ಕೆ ಕೂತರು. ಆಮೇಲೆ ಹೇಳಬೇಕಾದ್ದೆಲ್ಲ ಹೇಳಿದರು. ಆಗಿದ್ದು ಆಗಿಹೋಯ್ತು, ಸತ್ತವರನ್ನ ಯಾಕೆ ಎಳೀಬೇಕು, ಇನ್ನೂರು ಜನರ ಸಂಸಾರ ಇದೆ. ಅಕ್ಕ ಎಲ್ಲಾ ಕೇಳಿಸ್ಕೊಂಡಳು. ಕೇಳಿಸ್ಕೊಂಡು ಸ್ಥಾವರಕ್ಕೆ ಫೋನ್ ಹಚ್ಚಿದಳು. ಪುಣ್ಯಕ್ಕೆ ಆ ಒಂಬತ್ತನ್ನೂ ಇನ್ನೂ ಜೋಡಿಸಿರಲಿಲ್ಲ, ಉಗ್ರಾಣದಲ್ಲೇ ಇದ್ದವು. ಮುಟ್ಟಬೇಡಿ ಅಂದಳು.

ಸಂಜೆ ಮಗಳನ್ನ ಹುಡುಕಿಕೊಂಡು ಹೋದಳು. ಎರಡು ಬೀದಿ ಆಚೆ ಸಣ್ಣ ಹೊಲಿಗೆ ಅಂಗಡಿ. ಮೂವತ್ತರ ಆಸುಪಾಸಿನ ಹೆಣ್ಣು, ಕೊರಳಲ್ಲಿ ಅಳತೆ ಟೇಪು. ಕಾರ್ಖಾನೆ ಅಂದ ಕೂಡಲೇ ಮುಖ ಗಂಟಿಕ್ಕಿತು.

"ಅಪ್ಪನ ವಿಷಯ ಆದ್ರೆ ನನಗೆ ಬೇಡ. ಅಮ್ಮ ಬಾಗಿಲು ನೋಡ್ತಾ ನೋಡ್ತಾ ಹೋದಳು. ಅವರಿಗೆ ವಾಲ್ವು ಮುಖ್ಯ ಆಗಿತ್ತು."

"ಇಲ್ಲ ಕಣಮ್ಮಾ," ಅಂದಳು ಅಕ್ಕ. "ಅವರು ಎಂಟೂವರೆಗೇ ಹೊರಟಿದ್ರು."

ಮಿಷನ್ನು ನಿಂತಿತು.

ಅಕ್ಕ ಎಲ್ಲಾ ಹೇಳಿದಳು. ರಾತ್ರಿ ಕಂಡದ್ದೊಂದು ಬಿಟ್ಟು. ಖಾಲಿ ಸಾಲು, ಒಂಬತ್ತು ಸಹಿ, ಕೆಟ್ಟ ಬಸ್ಸು. ಮೂವತ್ತು ವರ್ಷದಲ್ಲಿ ಒಂದು ಹನಿಗೂ ಸುಳ್ಳು ಬರೆಯದ ಮನುಷ್ಯ, ಅವತ್ತು ನಿಮ್ಮಮ್ಮನ ಹತ್ತಿರ ಬರೋಕೆ ಅಂತ ಒಂಬತ್ತು ಸಲ ಸಹಿ ಹಾಕಿದ ಅಂತ.

ಆ ಹೆಣ್ಣು ಅಳಲಿಲ್ಲ. ತೊಡೆ ಮೇಲಿದ್ದ ಬಟ್ಟೆಯನ್ನ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಅವತ್ತು ಬಂದಾಗ... ಬೂಟು ಕೈಯಲ್ಲಿತ್ತು," ಅಂದಳು. "ಹಿಮ್ಮಡಿಯ ಚರ್ಮ ಎಲ್ಲಾ ಎದ್ದುಹೋಗಿತ್ತು. ವಾರ್ಡಿನ ನೆಲದ ಮೇಲೆ ರಕ್ತದ ಹೆಜ್ಜೆ ಆಗಿತ್ತು. ಆಯಾ ಬೈತಾ ಒರೆಸಿದಳು. ನಾನೂ ನೋಡಿದೆ ಅಕ್ಕಾ. ಯಾಕೆ ಅಂತ ಒಂದು ಮಾತು... ಒಂದೇ ಒಂದು ಮಾತು ಕೇಳಲಿಲ್ಲ ನಾನು."

ಆಮೇಲೆ ತಡೆಯೋಕಾಗಲಿಲ್ಲ. ಅಕ್ಕ ಅವಳ ಬೆನ್ನ ಮೇಲೆ ಕೈ ಇಟ್ಟು ಕೂತಳು. ಹೊಲಿಯೋಕೆ ಕೊಟ್ಟವರು ಬಂದರು, ಬಾಗಿಲಲ್ಲೇ ನಿಂತು ನೋಡಿ ಸದ್ದಿಲ್ಲದೆ ಹಿಂದಿರುಗಿದರು. ಕತ್ತಲಾಯಿತು. ಏಳೋ ಮುಂಚೆ ಆ ಹೆಣ್ಣು ಕೇಳಿದ್ದು ಒಂದೇ: "ಆ ಕಾಗದದಲ್ಲಿ ಹೊತ್ತು ತಿದ್ದೋಕಾಗುತ್ತಾ?"

"ತಿದ್ದೋಕಾಗಲ್ಲ. ಆದ್ರೆ ಪಕ್ಕದಲ್ಲಿ ಬರೀತೀನಿ," ಅಂದಳು ಅಕ್ಕ. ಮಾರನೇ ದಿನ ಬರೆದಳು ಕೂಡ: ಪರೀಕ್ಷಕರು ರಾತ್ರಿ ಎಂಟೂವರೆಗೆ ಹೊರಟಿದ್ದಾರೆ, ಈ ಒಂಬತ್ತು ಪರೀಕ್ಷೆ ನಡೆದಿಲ್ಲ. ಕೆಳಗೆ ಫೋರ್‌ಮನ್ನನೂ ಸಹಿ ಹಾಕಿದ. ಅವನ ಕೆಲಸ ಹೋಯಿತು. ಕಾರ್ಖಾನೆಗೆ ಮುಂದಿನ ಆರ್ಡರು ನಿಂತಿತು.

ಹತ್ತು ದಿನ ಬಿಟ್ಟು ಸ್ಥಾವರದ ಉಗ್ರಾಣದಲ್ಲಿ ಮರುಪರೀಕ್ಷೆ. ಒಳಗೆ ಹೋದವರು ಆರು ಜನ. ಅಕ್ಕ, ಅಲ್ಲಿನ ಗುಣಮಟ್ಟದ ಅಧಿಕಾರಿ, ಇಬ್ಬರು ಉಗ್ರಾಣದವರು, ಒಬ್ಬ ಫಿಟ್ಟರು, ಸಾಕ್ಷಿಗೆ ಅಂತ ಆ ಫೋರ್‌ಮನ್ನು. ಬೆಳಿಗ್ಗೆ ಶುರು ಮಾಡಿದ್ದು, ಒಂದೊಂದನ್ನೂ ಹತ್ತತ್ತು ನಿಮಿಷ ಹಿಡಿದರು. ಎಂಟು ಗಟ್ಟಿಯಾಗಿದ್ದವು. ಒಂಬತ್ತನೆಯದು... ಏಳನೇ ನಿಮಿಷದ ತನಕ ಏನೂ ಇಲ್ಲ. ಆಮೇಲೆ ಕೊರಳಿನ ಹತ್ತಿರ ಕೂದಲೆಳೆಯಷ್ಟು ಜಾಗದಲ್ಲಿ ಒದ್ದೆ ಮೂಡಿತು. ಉಬ್ಬಿತು. ನಿಂತಿತು. ಬಿತ್ತು.

ಒಂದೇ ಹನಿ. ಫೋರ್‌ಮನ್ನು ಗೋಡೆ ಕಡೆ ತಿರುಗಿ ನಿಂತ. ಆ ವಾಲ್ವನ್ನ ಕೆಂಪು ಚೀಟಿ ಕಟ್ಟಿ ಬದಿಗೆ ಸರಿಸಿದರು.

ಸಂಜೆ ಎಲ್ಲರೂ ಹೊರಗೆ ಬಂದರು. ಅಂಥ ಜಾಗದಲ್ಲಿ ಹೋಗೋ ಬರೋ ತಲೆಗೆಲ್ಲ ಲೆಕ್ಕ ಇರುತ್ತೆ, ಗೊತ್ತಲ್ಲ. ಒಬ್ಬೊಬ್ಬರೇ ತಳ್ಳಿಕೊಂಡು ದಾಟೋ ಕಬ್ಬಿಣದ ತಿರುಗುಗೇಟು. ಒಂದು ಸುತ್ತಿಗೆ ಒಂದು ಅಂಕಿ. ಕಾವಲಿನವನು ಅಂಕಿ ನೋಡಿ ಎಲ್ಲರನ್ನೂ ನಿಲ್ಲಿಸಿದ. ತಲೆ ಎಣಿಸಿದ, ಆರು. ಮತ್ತೆ ಎಣಿಸಿದ, ಆರೇ. ಮೇಲಿನವರು ಬಂದರು, ಕ್ಯಾಮೆರಾ ನೋಡಿದರು, ಗೇಟು ಬಿಚ್ಚಿ ನೋಡಿದರು. ಗೇಟಲ್ಲಿ ಏನೂ ಕೆಟ್ಟಿರಲಿಲ್ಲ. ಆ ದಿನದ ಪುಟ ಇವತ್ತಿಗೂ ಹಾಗೇ ಇದೆ: ಒಳಗೆ ಹೋದವರು ಆರು, ಹೊರಗೆ ಬಂದವರು ಏಳು.

ಅದರ ಕೆಳಗೆ ಸಾಕ್ಷಿ ಅಂತ ನಮ್ಮಕ್ಕನ ಸಹಿ ಇದೆ. ಕಣ್ಣಲ್ಲಿ ನೋಡದೆ ಅವಳು ಯಾವತ್ತೂ ಸಹಿ ಹಾಕಿದವಳಲ್ಲ.